ತಾಳೆಗರಿಯ ಬ್ಯಾಂಕಿನಲ್ಲಿ ಒಂದು ಬೆಳಗು

ಬೇಸಿಗೆ ರಜೆಗೆ ಮೈಸೂರಿಗೆ ಬಂದ ಮೊಮ್ಮಗಳಿಗೆ ಅರಮನೆ, ಮೃಗಾಲಯ ಎರಡನ್ನೂ ತೋರಿಸಿ ಆಗಿತ್ತು. "ಇನ್ನೇನಿದೆ ತಾತ?" ಅಂದಳು. "ಪುಸ್ತಕದ ಬ್ಯಾಂಕ್ ಇದೆ, ಬಾ" ಎಂದು ಕೃಷ್ಣರಾಜ ಬುಲೆವಾರ್ಡ್ ರಸ್ತೆಗೆ ಕರೆದುಕೊಂಡು ಹೋದೆ.

ಅಲ್ಲಿರುವುದು ಜ್ಯೂಬಿಲಿ ಹಾಲ್. ವಿಕ್ಟೋರಿಯಾ ರಾಣಿಯ ಆಳ್ವಿಕೆಗೆ ಐವತ್ತು ವರ್ಷ ತುಂಬಿದ ನೆನಪಿಗೆ 1887ರಲ್ಲಿ ಅಡಿಗಲ್ಲು ಹಾಕಿದ ಕಟ್ಟಡ. 1891ರಲ್ಲಿ ಚಾಮರಾಜ ಒಡೆಯರ ಕಾಲದಲ್ಲಿ ಆರಂಭವಾದ ಓರಿಯಂಟಲ್ ಲೈಬ್ರರಿಯ ಮನೆ ಇದು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದಾಗ ಅದರ ಮಡಿಲಿಗೆ ಸೇರಿತು. ಈಗಿನ ಹೆಸರು ಪ್ರಾಚ್ಯವಿದ್ಯಾ ಸಂಶೋಧನಾಲಯ.

ಇಲ್ಲಿನ ಠೇವಣಿ ತಾಳೆಗರಿಯ ಕಟ್ಟುಗಳು. ಮಕ್ಕಳೇ, ಹಿಂದಿನವರು ಗರಿಯ ಮೇಲೆ ಕಬ್ಬಿಣದ ಕಂಠದಿಂದ ಅಕ್ಷರ ಕೊರೆಯುತ್ತಿದ್ದರು. ಆಮೇಲೆ ಕಾಡಿಗೆಯ ಮಸಿ ಸವರಿ ಒರೆಸಿದರೆ, ಗೀರಿನೊಳಗೆ ಮಸಿ ನಿಂತು ಅಕ್ಷರ ಮೂಡುತ್ತಿತ್ತು. ಗರಿಗಳಿಗೆ ತೂತು ಮಾಡಿ, ದಾರ ಪೋಣಿಸಿ, ಎರಡು ಹಲಗೆಗಳ ನಡುವೆ ಕಟ್ಟಿದರೆ ಪುಸ್ತಕ. ಹುಳ ಹತ್ತದಂತೆ, ಗರಿ ಒಣಗಿ ಮುರಿಯದಂತೆ ಸಿಟ್ರೊನೆಲ್ಲಾ ಹುಲ್ಲಿನ ಎಣ್ಣೆ ಸವರುತ್ತಾರೆ.

1905ರಲ್ಲಿ ತಂಜಾವೂರು ಕಡೆಯ ಪಂಡಿತರೊಬ್ಬರಿಂದ ಇಲ್ಲಿಗೆ ಒಂದು ಕಟ್ಟು ಬಂತು. ಗ್ರಂಥ ಲಿಪಿ, ಸಂಸ್ಕೃತ ಭಾಷೆ. ಗ್ರಂಥಪಾಲರಾಗಿದ್ದ ಆರ್. ಶಾಮಾಶಾಸ್ತ್ರಿಗಳು ಓದಿ ನೋಡಿದರೆ, ಅದು ಕೌಟಿಲ್ಯನ ಅರ್ಥಶಾಸ್ತ್ರ! ಬೇರೆ ಗ್ರಂಥಗಳಲ್ಲಿ ಹೆಸರು ಕೇಳಿದ್ದರೇ ಹೊರತು ಪುಸ್ತಕ ಕಳೆದೇ ಹೋಯಿತೆಂದು ಪಂಡಿತರು ತಿಳಿದಿದ್ದರು. 1909ರಲ್ಲಿ ಅದು ಅಚ್ಚಾಯಿತು. ಅದರಲ್ಲಿ ಒಂದು ಮಾತು ನನಗೆ ಬಲು ಇಷ್ಟ. ಆಷಾಢದಲ್ಲಿ ಲೆಕ್ಕದವರೆಲ್ಲ ಮುದ್ರೆ ಹಾಕಿದ ಪುಸ್ತಕಗಳೊಂದಿಗೆ ಬರಬೇಕು, ತಮ್ಮತಮ್ಮಲ್ಲಿ ಮಾತಾಡಕೂಡದು. ಮೂವತ್ತು ವರ್ಷಕ್ಕೂ ಹೆಚ್ಚು ಮಾರ್ಚ್ 31ರ ರಾತ್ರಿ ಲೆಡ್ಜರ್ ಮುಂದೆ ಕೂತವನಿಗೆ ಇದು ನಗು ತರಿಸದೆ ಇದ್ದೀತೆ?

ಗರಿಗಳ ಡಿಜಿಟಲ್ ಪ್ರತಿ ಮಾಡುವ ಕೆಲಸವೂ ಇಲ್ಲಿ ನಡೆದಿದೆ. ಒಂದೊಂದು ಗರಿಯನ್ನೂ ಒರೆಸಿ, ಎರಡೂ ಬದಿಯ ಚಿತ್ರ ತೆಗೆದು, ನಂಬರ್ ಕೊಟ್ಟು ಇಡಬೇಕು. ಆಮೇಲೆ ಓದುವವರು ಗರಿ ಮುಟ್ಟಬೇಕಿಲ್ಲ, ಪರದೆಯ ಮೇಲೆ ಅಕ್ಷರ ಹಿಗ್ಗಿಸಿ ನೋಡಬಹುದು. ಅಂಥದೊಂದು ಚಿತ್ರ ನೋಡಿ ಮೊಮ್ಮಗಳು, "ಕನ್ನಡವೇ ಅಲ್ಲವಾ ತಾತ, ಓದು" ಅಂದಳು. ನನಗೆ ಒಂದು ಸಾಲೂ ಬರಲಿಲ್ಲ. ಹಳೆಯ ಅಕ್ಷರ, ಪದಗಳ ನಡುವೆ ಜಾಗವಿಲ್ಲ. ಅಲ್ಲಿದ್ದ ವಿದ್ವಾಂಸರೊಬ್ಬರು ಬೆರಳಿಟ್ಟು ಬಿಡಿಸಿ ಓದಿದಾಗಲೇ ಅದು ಮಾತಾಯಿತು. ಚಿತ್ರ ಯಂತ್ರ ತೆಗೆಯುತ್ತದೆ. ಓದಲು ಕಲಿತವರೇ ಬೇಕು.

ದಾರಿಯಲ್ಲಿ ಅವಳಿಗೆ ಒಂದು ವಿಷಯ ಹೇಳಿದೆ. ಯಾರಿಗೂ ಹೇಳಿರಲಿಲ್ಲ. ನನಗೆ ಹದಿನೆಂಟು ವರ್ಷವಿದ್ದಾಗ, ಸುಣ್ಣ ಬಳಿಯಲು ಅಟ್ಟ ಖಾಲಿ ಮಾಡುತ್ತಿದ್ದೆವು. ಹುಳ ತಿಂದ ತಾಳೆಗರಿಯ ಕಟ್ಟೊಂದು ಸಿಕ್ಕಿತು. ಕಸವೆಂದು ಬಚ್ಚಲೊಲೆಗೆ ಹಾಕಿದೆ. ಎರಡು ಚೊಂಬು ನೀರೂ ಕಾಯಲಿಲ್ಲ.

"ಅದರಲ್ಲಿ ಏನು ಬರೆದಿತ್ತು ತಾತ?"

ಅಂದು ನನ್ನ ಅಪ್ಪ ಕೇಳಿದ್ದೂ ಇದನ್ನೇ. ಅಂದೂ ಉತ್ತರವಿರಲಿಲ್ಲ, ಇಂದೂ ಇಲ್ಲ.

ಮಕ್ಕಳೇ, ನಿಮ್ಮ ಅಜ್ಜಿಯ ಮನೆಯಲ್ಲಿ ಅಂಥ ಕಟ್ಟು ಇದೆಯೇ ಎಂದು ಕೇಳಿ. ಇದ್ದರೆ ಎಳೆದು ಬಿಡಿಸಬೇಡಿ, ನೀರು ತಾಗಿಸಬೇಡಿ. ದೊಡ್ಡವರೊಂದಿಗೆ ಹೋಗಿ ತಿಳಿದವರಿಗೆ ತೋರಿಸಿ.

ಮನೆಗೆ ಬಂದವಳೇ ಅಟ್ಟ ಹತ್ತಿದಳು. ಸಿಕ್ಕಿದ್ದು ನಮ್ಮಪ್ಪನ ಮನೆಖರ್ಚಿನ ಲೆಕ್ಕದ ಪುಸ್ತಕ ಮಾತ್ರ. ಫೋನಿನಲ್ಲಿ ಪುಟಪುಟದ ಚಿತ್ರ ತೆಗೆದು, ಪ್ರತಿಯೊಂದಕ್ಕೂ ನಂಬರ್ ಹಾಕಿದಳು. ಅಪ್ಪನ ಮೋಡಿ ಅಕ್ಷರ ಅವಳಿಗೆ ತಿಳಿಯಲಿಲ್ಲ. ಪಕ್ಕದಲ್ಲಿ ಕೂತು ನಾನೇ ಓದಿ ಹೇಳಿದೆ.