ಚಪ್ಪಾಳೆ ಮತ್ತು ಮನ್ನಣೆ

ಬೀಡಿಯಿಂದ ಖಾನಾಪುರದ ಮಾರ್ಗವಾಗಿ ಬೆಳಗಾವಿಗೆ ಹೋಗುವಾಗ ನಗರ ಸೇರುವ ಮೊದಲೇ ಉದ್ಯಮಬಾಗ ಬರುತ್ತದೆ. ಅಲ್ಲಿ ಜಿ.ಐ.ಟಿ. ಎಂದೇ ಹೆಸರಾದ ಗೋಗಟೆ ಇಂಜಿನಿಯರಿಂಗ್ ಕಾಲೇಜನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ. ಕೆಲವರ ಮಕ್ಕಳು ಅಲ್ಲಿ ಓದಿಯೂ ಇದ್ದಾರು. ಅಲ್ಲಿಯೇ ಕಲಿತ ಅತುಲ್ ಚಿಟ್ನಿಸ್ ಅವರ ಹೆಸರು ಮಾತ್ರ ನಮ್ಮ ಮನೆಗಳಲ್ಲಿ ಅಷ್ಟಾಗಿ ಕೇಳಿಬರುವುದಿಲ್ಲ. 1962ರಲ್ಲಿ ಜರ್ಮನಿಯ ಬರ್ಲಿನ್ ನಗರದಲ್ಲಿ ಹುಟ್ಟಿ, ಎಳೆವಯಸ್ಸಿನಲ್ಲಿ ಬೆಳಗಾವಿಗೆ ಬಂದು ಬೆಳೆದ ಅವರು ಮುಂದೆ ಬೆಂಗಳೂರಿನಲ್ಲಿ ನೆಲೆಸಿದರು. ಗಣಕಯಂತ್ರದ ಸಮ್ಮೇಳನಗಳಲ್ಲಿ ಜನಪ್ರಿಯ ಭಾಷಣಕಾರರೆನಿಸಿದರು.

ಅವರನ್ನು ಇಲ್ಲಿ ನೆನೆಯಲು ಕಾರಣವಿದೆ. ನನ್ನ ಪರಿಚಯದ ಒಬ್ಬ ತಂದೆ ಇತ್ತೀಚೆಗೆ ಬಹಳ ನೊಂದು ಕೇಳಿದರು: "ಹಗಲೆಲ್ಲಾ ಕಂಪನಿ ಕೆಲಸ ಮಾಡ್ತಾನ, ರಾತ್ರಿ ಮತ್ತ ಅದೇ ಕಂಪ್ಯೂಟರ್. ರಾತ್ರಿ ಕೆಲಸಕ್ಕ ಒಂದು ರೂಪಾಯಿನೂ ಬರೂದಿಲ್ಲಂತ. ಮೊನ್ನೆ ಎಲ್ಲೋ ಭಾಷಣಾ ಮಾಡಿ ಒಂದು ಫಲಕ ತಂದಾನ. ಇದರಿಂದ ಏನ್ ಬಂತ್ರೀ?" ಮಗಳ ಮದುವೆಯ ಸಾಲ ಇನ್ನೂ ತೀರದ ಮನೆಯದು, ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿರಲಿಲ್ಲ. ಫಲಕದಿಂದ ಏನೂ ಬರುವುದಿಲ್ಲ, ಸಾಲದ ಲೆಕ್ಕವನ್ನು ಮಗನೊಡನೆ ಕುಳಿತು ಮಾಡಿರಿ, ಆದರೆ ಅವನ ರಾತ್ರಿಯ ಕೆಲಸವನ್ನು ನಿಲ್ಲಿಸಬೇಡಿರಿ ಎಂದೆ. ಆ ಯುವಕ ಮಾಡುತ್ತಿರುವುದು ಮುಕ್ತ ತಂತ್ರಾಂಶದ ಕೆಲಸ. ಇದರಲ್ಲಿ ಬರೆದುದನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಇತರರಿಗೆ ಹಂಚಬಹುದು. 1991ರಲ್ಲಿ ಫಿನ್‌ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಹೀಗೆಯೇ ಬೆಳೆಯಿತು.

ಅದು ನಮ್ಮ ದೇಶದ ಸಣ್ಣ ಊರುಗಳನ್ನು ತಲುಪಿದ ಬಗೆಯನ್ನು ಕೇಳಿರಿ. ಅಂದು ಇಂಟರ್‌ನೆಟ್ ಎಂದರೆ ದೂರವಾಣಿ ತಂತಿಯ ಮೂಲಕ ತೆವಳುವ ಸಂಪರ್ಕ. ಅಷ್ಟು ದೊಡ್ಡ ತಂತ್ರಾಂಶವನ್ನು ಅದರಲ್ಲಿ ಇಳಿಸಿಕೊಳ್ಳುವುದು ಸಾಮಾನ್ಯರ ಕೈಗೆ ಎಟುಕುವ ಮಾತಾಗಿರಲಿಲ್ಲ. 1996ರಲ್ಲಿ 'ಪಿ.ಸಿ. ಕ್ವೆಸ್ಟ್' ಮಾಸಪತ್ರಿಕೆಯೊಂದಿಗೆ ಲಿನಕ್ಸ್ ತುಂಬಿದ ಸಿ.ಡಿ. ಹಂಚುವ ಕಾರ್ಯಕ್ಕೆ ಚಿಟ್ನಿಸ್ ಕೈಹಾಕಿದರು. ಪತ್ರಿಕೆ ಕೊಳ್ಳುವಷ್ಟು ಹಣವಿದ್ದ ವಿದ್ಯಾರ್ಥಿಗೆ ಅದೊಂದು ನಿಧಿಯೇ ಆಯಿತು.

2001ರಲ್ಲಿ ಆರಂಭವಾದ 'ಲಿನಕ್ಸ್ ಬೆಂಗಳೂರು' ಸಮ್ಮೇಳನದ ಹಿಂದೆಯೂ ಅವರಿದ್ದರು. ಸ್ವಯಂಸೇವಕರೇ ನಡೆಸುತ್ತಿದ್ದ ಆ ಸಮ್ಮೇಳನಕ್ಕೆ ಸಾವಿರಾರು ಜನ ಬಂದರು. 2005ರಲ್ಲಿ ಅದು 'ಫಾಸ್ ಡಾಟ್ ಇನ್' ಎಂದು ಹೆಸರು ಬದಲಿಸಿಕೊಂಡಿತು. ಅಲ್ಲಿಂದ ಮುಂದೆ ನಡೆದುದೇ ನನಗೆ ಹೆಚ್ಚು ಮೆಚ್ಚುಗೆಯಾದುದು. ಭಾರತೀಯರು ಮುಕ್ತ ತಂತ್ರಾಂಶವನ್ನು ಬಳಸುತ್ತಾರೆಯೇ ಹೊರತು ಅದಕ್ಕೆ ತಮ್ಮ ಪಾಲನ್ನು ಸೇರಿಸುವುದು ಕಡಿಮೆ ಎಂಬ ಕೊರಗು ಅವರಿಗಿತ್ತು. ಆದ್ದರಿಂದ ಸಮ್ಮೇಳನದಲ್ಲಿ ಬರಿಯ ಭಾಷಣಗಳಿಗಿಂತ, ಒಟ್ಟಿಗೆ ಕುಳಿತು ತಂತ್ರಾಂಶ ಬರೆಯುವುದಕ್ಕೆ ಹೆಚ್ಚು ಜಾಗ ದೊರೆಯುತ್ತ ಹೋಯಿತು. ಸಭೆಯನ್ನು ಗೆಲ್ಲಬಲ್ಲ ಮಾತುಗಾರನೇ ಮಾತಿನ ಸಭೆಯನ್ನು ಕಿರಿದುಗೊಳಿಸುವುದು ಅಪರೂಪ, ಅಲ್ಲವೇ? ಅವರ ನುಡಿಯೂ ಖಾರ. ಎಲ್ಲರಿಗೂ ಅದು ಹಿಡಿಸುತ್ತಿರಲಿಲ್ಲ.

2012ರ ಕೊನೆಯ ಸಮ್ಮೇಳನದ ಹೊತ್ತಿಗೆ ಅವರಿಗೆ ಕ್ಯಾನ್ಸರ್ ತಗುಲಿತ್ತು. 2013ರ ಜೂನ್ 3ರಂದು, 51ನೆಯ ವಯಸ್ಸಿನಲ್ಲಿ ತೀರಿಕೊಂಡರು. ಆ ಸಿ.ಡಿ.ಯಿಂದಲೇ ಲಿನಕ್ಸ್ ಕಲಿತೆವೆಂದು ಹೇಳುವವರು ಇಂದಿಗೂ ಇದ್ದಾರೆ. ಅವರಲ್ಲಿ ಎಲ್ಲರೂ ಚಿಟ್ನಿಸರನ್ನು ಕಣ್ಣಾರೆ ಕಂಡವರಲ್ಲ.