ಹುತ್ರಿದುರ್ಗದ ಮಧ್ಯಾಹ್ನ

ಬೆಂಗಳೂರಿನ ಸುತ್ತಲಿನ ನವದುರ್ಗಗಳಲ್ಲಿ ನಂದಿಬೆಟ್ಟಕ್ಕೆ ಜನವೋ ಜನ. ಸಾವನದುರ್ಗದಲ್ಲೂ ಶನಿವಾರ ಭಾನುವಾರ ಕಾಲಿಡಲು ಜಾಗವಿರುವುದಿಲ್ಲ. ಕುಣಿಗಲ್ ತಾಲ್ಲೂಕಿನ ಹುತ್ರಿದುರ್ಗದ ಕಡೆ ತಲೆಹಾಕುವವರು ಕಡಿಮೆ. ಮಾಗಡಿ ಕೆಂಪೇಗೌಡರ ಕೋಟೆ, ಒಂದಾದ ಮೇಲೊಂದು ಕಲ್ಲಿನ ಬಾಗಿಲು, ನೆತ್ತಿಯಲ್ಲಿ ಶಂಕರೇಶ್ವರನ ಗುಡಿ. ಅಲ್ಲಿನ ಮೌನಕ್ಕೆ ಮನಸೋತು ಆಗಾಗ ಹೋಗುತ್ತಿದ್ದೆ. ಆದರೆ ಹೋಗಿದ್ದೆಲ್ಲ ಚಳಿಗಾಲದಲ್ಲಿ. ಏಪ್ರಿಲ್‌ನಲ್ಲಿ ಆ ಬೆಟ್ಟದ ಸ್ವಭಾವವೇ ಬೇರೆ ಎಂದು ಗೊತ್ತಿರಲಿಲ್ಲ. ಗೊತ್ತಿದ್ದವರು ಹೇಳಿದಾಗ ಕಿವಿಗೆ ಹಾಕಿಕೊಳ್ಳಲಿಲ್ಲ.

ಬೇಸಿಗೆ ರಜೆಗೆ ಬಂದಿದ್ದ ತಂಗಿಯ ಮಗನನ್ನು ಕರೆದುಕೊಂಡು ಹೊರಟಿದ್ದೆ. ಏಳನೇ ಕ್ಲಾಸು ಮುಗಿಸಿದ ಹುಡುಗ. ದಾರಿಯಲ್ಲಿ ತಿಂಡಿ, ಕಾಫಿ ಅಂತ ಹೊತ್ತು ಕಳೆದು ಬೆಟ್ಟದ ಬುಡ ಮುಟ್ಟುವಾಗ ಹನ್ನೊಂದು ದಾಟಿತ್ತು. ಮನೆ ಮುಂದೆ ಹುಣಸೆಹಣ್ಣು ಜಜ್ಜಿ ಬೀಜ ತೆಗೆಯುತ್ತ ಕೂತಿದ್ದ ಅಜ್ಜಿಯೊಬ್ಬರು ತಲೆಯೆತ್ತಿ, "ಈ ಹೊತ್ನಲ್ಲಿ ಹತ್ತಬ್ಯಾಡಿ ಸ್ವಾಮಿ, ಬಂಡೆ ಕಾದೈತೆ. ಮಗ ಬೇರೆ ಜೊತೇಲೈತೆ" ಎಂದರು.

"ಎಷ್ಟೋ ಸಲ ಹತ್ತಿದ್ದೀನಮ್ಮ, ಬೇಗ ಇಳಿದುಬಿಡ್ತೀವಿ" ಎಂದೆ.

ಮೊದಲ ಬಾಗಿಲು ದಾಟಿದ ಮೇಲೆ ಹುಡುಗ ನೀರಿನ ಬಾಟಲಿಗೆ ಕೈಹಾಕಿದ. "ಹತ್ತುವಾಗ ಸುಮ್ಮಸುಮ್ಮನೆ ನೀರು ಕುಡೀಬಾರದು ಕಣೋ. ನೋಡು, ನಾನು ಮೇಲೆ ಹೋಗೋ ತನಕ ಮುಟ್ಟೋದೇ ಇಲ್ಲ" ಎಂದೆ. ಹೇಳುವಾಗ ನನ್ನ ದನಿಯಲ್ಲಿ ಹೆಮ್ಮೆಯಿತ್ತು. ಅವನು ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡ. ಆಮೇಲೆ ನೀರಿನ ಮಾತೇ ಎತ್ತಲಿಲ್ಲ.

ಬೆಳಗಿನಿಂದ ಕಾದ ಬಂಡೆ ಮಧ್ಯಾಹ್ನದ ಹೊತ್ತಿಗೆ ಆ ಕಾವನ್ನೆಲ್ಲ ಹೊರಗೆ ಬಿಡತೊಡಗುತ್ತದೆ. ಮೇಲಿಂದ ಬಿಸಿಲು, ಕೆಳಗಿಂದ ಝಳ. ಊರಿಕೊಳ್ಳಲು ಕೈ ಇಟ್ಟರೆ ಅಂಗೈ ಚುರುಗುಟ್ಟುತ್ತಿತ್ತು. ದೊಣೆಗಳ ತಳದಲ್ಲಿ ಹಸಿರು ಪಾಚಿಯ ಕೆಸರಷ್ಟೇ ಉಳಿದಿತ್ತು. ಗುಡಿಯ ಬಳಿ ಹೆಚ್ಚು ಹೊತ್ತು ನಿಲ್ಲದೆ ಇಳಿಯಲು ಶುರುಮಾಡಿದೆವು. ಕಡಿದಾದ ಬಂಡೆಯ ನಡುವೆ ಹುಡುಗ ತಟ್ಟನೆ ಕೂತುಬಿಟ್ಟ. ಕೆಂಪಗಿದ್ದ ಮುಖ ಬಿಳಿಚಿಕೊಂಡಿತ್ತು. "ಚಳಿ ಆಗ್ತಿದೆ ಮಾವ" ಎಂದ. ಆ ಉರಿಬಿಸಿಲಿನಲ್ಲಿ ಅವನ ಮುಂಗೈ ಮೇಲಿನ ರೋಮವೆಲ್ಲ ನಿಮಿರಿ ನಿಂತಿತ್ತು.

ಚೀಲದಿಂದ ಬಾಟಲಿ ತೆಗೆದರೆ ಹೆಚ್ಚುಕಡಿಮೆ ತುಂಬಿದ ಹಾಗೇ ಇತ್ತು.

"ಯಾಕೋ ಕುಡೀಲಿಲ್ಲ?"

"ನೀನೂ ಕುಡೀಲಿಲ್ವಲ್ಲ ಮಾವ."

ಕೋಟೆ ಬಾಗಿಲಿನ ನೆರಳಿಗೆ ಅವನನ್ನು ಹೇಗೋ ಎತ್ತಿಕೊಂಡು ಬಂದು ಮಲಗಿಸಿ, ತಲೆ, ಕುತ್ತಿಗೆ ಒದ್ದೆಮಾಡಿ, ಗುಟುಕು ಗುಟುಕಾಗಿ ಕುಡಿಸಿದೆ. ಒಮ್ಮೆ ವಾಂತಿಯಾಯಿತು. ಬಹಳ ಹೊತ್ತಿನ ಮೇಲೆ ಮುಖಕ್ಕೆ ಬಣ್ಣ ಬಂತು. ಕೆಳಗಿಳಿದಾಗ ಅದೇ ಅಜ್ಜಿ ಉಪ್ಪು ಹಾಕಿದ ನೀರುಮಜ್ಜಿಗೆ ತಂದುಕೊಟ್ಟರು, ಒದ್ದೆ ಟವೆಲ್ಲಿನಲ್ಲಿ ಅವನ ಮುಖ ಒರೆಸಿದರು. ನಾನು ಆಗಲೇ ಹೇಳಲಿಲ್ಲವೇ ಎಂಬ ಒಂದು ಮಾತೂ ಅವರ ಬಾಯಿಂದ ಬರಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ರಾತ್ರಿ ತಂಗಿ ಫೋನ್ ಮಾಡಿದಳು. ಹುಡುಗ "ಚೆನ್ನಾಗಿತ್ತಮ್ಮ" ಎಂದಷ್ಟೇ ಹೇಳಿ ನನ್ನ ಕೈಗೆ ಫೋನು ಕೊಟ್ಟ. ಅವನು ನನ್ನ ಮಾನ ಕಾಯುತ್ತಿದ್ದ. ನಡೆದದ್ದನ್ನೆಲ್ಲ ನಾನೇ ಅವಳಿಗೆ ಹೇಳಿದೆ. ಆ ಕಡೆ ಅವಳು ಸುಮ್ಮನಾದಳು; ಆ ಗಳಿಗೆ ನನಗೆ ಇವತ್ತಿಗೂ ಮರೆತಿಲ್ಲ.

ಬೆವರಿನ ಜೊತೆ ಉಪ್ಪೂ ಹೋಗುತ್ತದೆ, ಬಿಸಿಲಲ್ಲಿ ಚಳಿ ಹತ್ತಿದರೆ ಮೈ ಸೋಲುತ್ತಿದೆ ಎಂದರ್ಥ, ಮಾತು ತೊದಲಿದರೆ ಆಸ್ಪತ್ರೆಗೆ ಓಡಬೇಕು. ಇದನ್ನೆಲ್ಲ ನಾನು ಓದಿದ್ದೆ. ನನ್ನ ಗತ್ತಿನ ಒಂದು ಮಾತನ್ನು ಆ ಹುಡುಗ ಅಷ್ಟು ನಿಷ್ಠೆಯಿಂದ ಪಾಲಿಸುತ್ತಾನೆಂದು ಮಾತ್ರ ಎಣಿಸಿರಲಿಲ್ಲ. ಬಾಯಾರಿದೆ ಎಂದರೆ ಮಾವನ ಕಣ್ಣಲ್ಲಿ ಸಣ್ಣವನಾಗುತ್ತೇನೆ ಅಂದುಕೊಂಡಿದ್ದನಂತೆ.

ಬೇಸಿಗೆಯಲ್ಲಿ ಬಂಡೆಬೆಟ್ಟ ಹತ್ತುವವರು ಬೆಳಕು ಹರಿಯುವಾಗಲೇ ಹೊರಟು, ಬಿಸಿಲೇರುವ ಮೊದಲು ಇಳಿದುಬಿಡಿ. ಬುಡದ ಊರಿನವರು ಬೇಡವೆಂದರೆ ಹಿಂತಿರುಗಿ. ಮಕ್ಕಳು ಜೊತೆಗಿದ್ದರೆ ಬಾಯಾರಿತಾ ಎಂದು ಕೇಳುತ್ತ ಕೂರಬೇಡಿ. ಮುಚ್ಚಳ ತೆಗೆದು ಬಾಟಲಿಯನ್ನು ಕೈಗೆ ಕೊಡಿ, ಅವರೆದುರು ನೀವೂ ಕುಡಿಯಿರಿ.