ಚೋರ ಬಾಜಾರಿನ ಪುಟ್ಟ ಮೋಟಾರುಗಳು

ಮುಂಬಯಿಯ ಗ್ರಾಂಟ್ ರೋಡ್ ನಿಲ್ದಾಣದಲ್ಲಿಳಿದು ಪೂರ್ವ ದಿಕ್ಕಿಗೆ ಇಪ್ಪತ್ತು ನಿಮಿಷಗಳಷ್ಟು ನಡೆದರೆ ಮಟನ್ ಸ್ಟ್ರೀಟ್ ಎಂಬ ಬೀದಿ ಸಿಕ್ಕುತ್ತದೆ. ಹೆಸರನ್ನು ಕೇಳಿ ಶಾಕಾಹಾರಿಗಳಾದ ವಾಚಕರು ಹಿಂಜರಿಯಬೇಕಾದುದಿಲ್ಲ. ಈ ಬೀದಿಯ ವ್ಯಾಪಾರವೆಲ್ಲ ಹಳೆಯ ಸಾಮಾನುಗಳದು. ಇದೇ ಪ್ರಸಿದ್ಧವಾದ ಚೋರ ಬಾಜಾರು. ಮೊದಲು ಇದಕ್ಕೆ 'ಶೋರ್ ಬಾಜಾರ್', ಎಂದರೆ ಗದ್ದಲದ ಪೇಟೆ, ಎಂಬ ಹೆಸರಿದ್ದು, ಅದೇ ಬಾಯಿಂದ ಬಾಯಿಗೆ ಹೊರಳಿ ಚೋರವಾಯಿತೆಂದು ಅಲ್ಲಿನವರು ಹೇಳುವುದುಂಟು. ಗದ್ದಲಕ್ಕಂತೂ ಇಂದಿಗೂ ಕೊರತೆಯಿಲ್ಲ. ಗ್ರಾಮಾಫೋನಿನ ಹಿತ್ತಾಳೆಯ ಕಹಳೆಗಳು, ಹಡಗಿನ ದೀಪಗಳು, ನಿಂತುಹೋದ ಗೋಡೆ ಗಡಿಯಾರಗಳು, ಹಳೆಯ ಚಲನಚಿತ್ರಗಳ ಭಿತ್ತಿಪತ್ರಗಳು, ಇವೆಲ್ಲ ಒಂದರ ಮೇಲೊಂದು ಹೇರಿಕೊಂಡು ಬೀದಿಗೆ ಚಾಚಿರುತ್ತವೆ. ಶುಕ್ರವಾರ ಅಂಗಡಿಗಳು ಬಾಗಿಲಿಕ್ಕುವ ದಿನ. ಅಂದು ಬೆಳಕು ಹರಿಯುವ ಮೊದಲೇ ನೆಲದ ಮೇಲೆ ಗೋಣಿ ಹಾಸಿ ಕೂಡುವವರ ಜುಮ್ಮಾ ಬಾಜಾರು ನಡೆಯುತ್ತದೆ. ನಾವು ಹೋದದ್ದು ಒಂದು ಗುರುವಾರ, ನಮ್ಮ ಮಿತ್ರರೊಬ್ಬರ ಸಂಗಡ.

ಮಿತ್ರರಿಗೆ ಬೇಕಾದುದು ಬೆರಳುದ್ದದ ಒಂದು ಮೋಟಾರಿನ ಮಾಡು. ಮೋಟಾರಲ್ಲ, ಅದರ ಮಾಡು ಮಾತ್ರ! ಲಿವರ್‌ಪೂಲಿನ 'ಡಿಂಕಿ' ಕಾರ್ಖಾನೆಯವರು 1962ರಲ್ಲಿ ಹೊರಡಿಸಿದ ಜಾಗ್ವಾರ್ ಇ-ಟೈಪ್ ಎಂಬ ಓಟದ ಕಾರಿನ ಪ್ರತಿಕೃತಿಗೆ ತೆಗೆದು ಹಾಕಬಹುದಾದ ಮಾಡೊಂದಿತ್ತು. ಮಕ್ಕಳ ಕೈಗೆ ಸಿಕ್ಕಿದ ಇಂತಹ ಮಾಡು ಎಷ್ಟು ದಿನ ಉಳಿದೀತೆಂಬುದನ್ನು ಮಕ್ಕಳುಳ್ಳ ಮನೆಯವರಿಗೆ ನಾವು ಹೇಳಬೇಕಾಗಿಲ್ಲ. ಮಾಡಿಲ್ಲದ ಕಾರು ಮಿತ್ರರಲ್ಲಿತ್ತು. ಮಾಡಿಗಾಗಿ ಅವರು ನಾಲ್ಕು ವರ್ಷಗಳಿಂದ ಈ ಬೀದಿಗೆ ಬರುತ್ತಿದ್ದರು. ಹೊಸದಾಗಿ ಮಾಡಿದ ನಕಲು ಮಾಡುಗಳು ಅಲ್ಪ ಬೆಲೆಗೆ ದೊರೆಯುತ್ತವೆ. ಅವು ಅವರಿಗೆ ಬೇಡ.

ಈ ಆಟಿಕೆಗಳ ವಂಶವೃತ್ತಾಂತ ಸ್ವಾರಸ್ಯವಾದುದು. ಲಿವರ್‌ಪೂಲಿನ ಫ್ರಾಂಕ್ ಹಾರ್ನ್‌ಬಿ ಎಂಬಾತನು 1901ರಲ್ಲಿ ತೂತುಗಳುಳ್ಳ ಲೋಹದ ಪಟ್ಟಿಗಳನ್ನು ಜೋಡಿಸಿ ಆಡುವ ಆಟಿಕೆಗೆ ಹಕ್ಕುಪತ್ರ ಪಡೆದನು. ಅದೇ ಮುಂದೆ 'ಮೆಕ್ಯಾನೊ' ಎಂದು ಹೆಸರಾಯಿತು. ಬಳಿಕ ಆತನ ಕಾರ್ಖಾನೆಯಲ್ಲಿ ಆಟದ ರೈಲುಗಳು ಹೊರಟವು. ರೈಲಿನ ನಿಲ್ದಾಣದ ಮುಂದೆ ನಿಲ್ಲಿಸಲು ವಾಹನಗಳು ಬೇಡವೇ? ಹೀಗೆ 1933ರ ಕೊನೆಯಲ್ಲಿ ಆರು ವಾಹನಗಳ ಒಂದು ಕಟ್ಟು ಹೊರಟಿತು. ಅದರಲ್ಲಿ ಮೊದಲನೆಯದೇ ಒಂದು ಸ್ಪೋರ್ಟ್ಸ್ ಕಾರು. ಮರು ವರ್ಷ 'ಡಿಂಕಿ' ಎಂಬ ಹೆಸರು ಬಂದಿತು. ಕರಗಿಸಿದ ಸತುವಿನ ಮಿಶ್ರಲೋಹವನ್ನು ಉಕ್ಕಿನ ಅಚ್ಚಿನೊಳಕ್ಕೆ ಒತ್ತಡದಿಂದ ನುಗ್ಗಿಸಿ ಎರಕ ಹೊಯ್ಯುವುದೇ ಇವುಗಳ ಕ್ರಮ. ಅಚ್ಚು ಮಾಡುವುದಕ್ಕೆ ಹಣ ಬಹಳ. ಅಚ್ಚಾದ ಮೇಲೆ ಸಾವಿರಗಟ್ಟಲೆ ಕಾರುಗಳು ಅಗ್ಗವಾಗಿ ಹುಟ್ಟುತ್ತವೆ. ಕಾರ್ಖಾನೆ 1979ರಲ್ಲಿ ಮುಚ್ಚಿತು.

ಆ ಅಚ್ಚುಗಳಲ್ಲಿ ಕೆಲವು ನಮ್ಮ ದೇಶಕ್ಕೆ ಬಂದುವೆಂಬುದು ಬಹು ಜನಕ್ಕೆ ತಿಳಿಯದು. ಪರದೇಶದ ಆಟಿಕೆ ನಮ್ಮಲ್ಲಿಗೆ ಬರುವುದು ದುರ್ಲಭವಾಗಿದ್ದ 1960ರ ದಶಕದ ಕೊನೆಯಲ್ಲಿ ಕಲ್ಕತ್ತೆಯ ಎಸ್. ಕುಮಾರ್ ಕಂಪನಿಯವರು ಡಿಂಕಿಯ ಹಳೆಯ ಅಚ್ಚುಗಳಿಂದ ಕಾರುಗಳನ್ನೆರೆದು, ತಳದ ಹೆಸರನ್ನು ಬದಲಿಸಿ, 'ನಿಕಿ' ಎಂದು ಮಾರಿದರು. ಜಾಗ್ವಾರ್ ಇ-ಟೈಪೂ ಅವುಗಳಲ್ಲೊಂದು. ಬಣ್ಣ ಲಿವರ್‌ಪೂಲಿನಷ್ಟು ನಯವಲ್ಲ; ಅಚ್ಚು ಸವೆದುದರ ಗುರುತೂ ಕಾಣುತ್ತದೆ. ಆ ಕಾಲದಲ್ಲಿ ಇವನ್ನು ಕೊಂಡವರು ಅಸಲು ಸಿಕ್ಕದೆ ಕೊಂಡರು. ಇಂದು ಇಂಗ್ಲೆಂಡಿನ ಸಂಗ್ರಾಹಕರೇ ಇವನ್ನು ಹುಡುಕುತ್ತಾರೆ.

ನಾವು ಹೊಕ್ಕ ಅಂಗಡಿ ಎಂಟಡಿ ಅಗಲದ್ದು. ಯಜಮಾನರು ಎಪ್ಪತ್ತು ಮೀರಿದವರು. ಮಿತ್ರರು ಅವರನ್ನು 'ಚಾಚಾ' ಎಂದು ಕರೆಯುತ್ತಾರೆ. ಗಾಜಿನ ಬೀರುವಿನಲ್ಲಿ ಸಾಲಾಗಿ ಕಾರುಗಳು. ಕೆಂಪಗೆ ಥಳಥಳಿಸುವ ಒಂದನ್ನು ನಾವು ಮೆಚ್ಚಿ ಬೆಲೆ ಕೇಳಿದೆವು. ಎರಡು ಸಾವಿರವೆಂದರು. ಪಕ್ಕದಲ್ಲಿ ಅದೇ ಕಾರು, ಅಂಚುಗಳಲ್ಲಿ ಬಣ್ಣ ಕಿತ್ತು ಮುಖ ಮಾಸಿದ್ದು, ಐದು ಸಾವಿರ! ನಮ್ಮ ಬೆರಗನ್ನು ಕಂಡು ಮಿತ್ರರು ಮೊದಲನೆಯದನ್ನು ಮಗುಚಿ ಭೂತಗನ್ನಡಿ ಹಿಡಿದರು. ತಳವನ್ನು ಮೈಗೆ ಬಂಧಿಸುವ ರಿವೆಟ್ಟಿನ ತಲೆಯನ್ನು ಕೊರೆದು ತೆಗೆದ ಗುರುತಿತ್ತು; ಎಂದರೆ ಯಾರೋ ಬಿಚ್ಚಿ, ತಿಕ್ಕಿ, ಹೊಸ ಬಣ್ಣ ಬಳಿದಿದ್ದಾರೆ. ಈ ಲೋಕದಲ್ಲಿ ಕಾರ್ಖಾನೆಯ ಹಳೆಯ ಬಣ್ಣದ ಅರ್ಧಕ್ಕೂ ಹೊಸ ಬಣ್ಣದ ಪೂರ್ಣತೆ ಸಾಟಿಯಲ್ಲ. ಅಸಲಾದ ರಟ್ಟಿನ ಪೆಟ್ಟಿಗೆಯೂ ಜೊತೆಗಿದ್ದರೆ ಬೆಲೆ ಇಮ್ಮಡಿಯಾದರೂ ಆದೀತು. ಮಗು ಹರಿದೆಸೆದ ರಟ್ಟಿಗೆ ಕಾರಿನಷ್ಟೇ ಬೆಲೆಯೆಂಬುದು ಗೃಹಸ್ಥರಾದ ನಮಗೆ ನಗೆಯ ಮಾತೇ. ಆದರೆ ಉಳಿದದ್ದು ಕಡಮೆಯಾದುದರಿಂದಲೇ ಆ ಬೆಲೆ.

ವೇಲ್ಸಿನ ಸ್ವಾನ್ಸೀಯಲ್ಲಿ ತಯಾರಾದ 'ಕಾರ್ಗಿ' ಕಂಪನಿಯ ಆಸ್ಟನ್ ಮಾರ್ಟಿನ್ ಇದಕ್ಕೆ ಒಳ್ಳೆಯ ಉದಾಹರಣೆ. ಜೇಮ್ಸ್ ಬಾಂಡನ ಚಿತ್ರದ ಆ ಕಾರನ್ನು 1965ರಲ್ಲಿ ಹೊರಡಿಸಿದಾಗ ಅದು ಲಕ್ಷಗಟ್ಟಲೆ ಮಾರಿತು. ಚಿತ್ರದಲ್ಲಿನ ಕಾರು ಬೆಳ್ಳಿಯ ಬಣ್ಣದ್ದು. ಆಟಿಕೆಗೆ ಅದೇ ಬಣ್ಣ ಬಳಿದರೆ ಬಣ್ಣವಿಲ್ಲದ ಬರಿಯ ಲೋಹದಂತೆ ಕಾಣುವುದೆಂದು ಬಂಗಾರದ ಬಣ್ಣ ಕೊಟ್ಟರು. ಗುಂಡಿಯೊತ್ತಿದರೆ ಮಾಡು ತೆರೆದು ಒಳಗೆ ಕುಳಿತ ಶತ್ರು ಹೊರಕ್ಕೆ ಹಾರುತ್ತಾನೆ. ಹಾರಿದವನು ಮಂಚದ ಕೆಳಗೆ ಸೇರಿ ಮತ್ತೆ ಸಿಕ್ಕುವುದಿಲ್ಲವೆಂಬುದು ಮೊದಲೇ ತಿಳಿದಂತೆ, ಕಂಪನಿಯವರು ಪೆಟ್ಟಿಗೆಯಲ್ಲಿ ಮತ್ತೊಬ್ಬ ಶತ್ರುವನ್ನಿಟ್ಟು ಕಳುಹುತ್ತಿದ್ದರು. ಕಾರುಗಳು ಈಗಲೂ ಬೇಕಾದಷ್ಟಿವೆ. ಆ ಎರಡನೆಯ ಶತ್ರುವೂ ಪೆಟ್ಟಿಗೆಯೂ ಸೂಚನೆಯ ಕಾಗದವೂ ಕೂಡಿದ್ದು ಮಾತ್ರ ಅಪರೂಪ.

ಚಾಚಾರ ಬೀರುವಿನ ಮೇಲ್ತಟ್ಟಿನಲ್ಲಿ ಯುದ್ಧಪೂರ್ವದ ಡಿಂಕಿಯೊಂದಿತ್ತು. ಮುಟ್ಟಲು ಕೈ ಚಾಚಿದರೆ ತಡೆದರು. ಅದರ ಮೈ ಉಬ್ಬಿ, ಒಣಗಿದ ಕೆರೆಯ ತಳದಂತೆ ಬಿರುಕು ಬಿಟ್ಟಿತ್ತು. ಎರಕದ ಸತುವಿನಲ್ಲಿ ಸೀಸವು ಅತ್ಯಲ್ಪ ಬೆರೆತರೂ ಹೀಗಾಗುತ್ತದೆ. ವರ್ಷಗಳು ಕಳೆದಂತೆ ಲೋಹ ಒಳಗೊಳಗೇ ಸಡಿಲಿ ಪುಡಿಯಾಗುತ್ತದೆ. ಇದಕ್ಕೆ ಮದ್ದಿಲ್ಲ. ಸೆಕೆ, ತೇವ ಇದ್ದಲ್ಲಿ ರೋಗ ಬೇಗ ಹೆಚ್ಚುವುದರಿಂದ ಮುಂಬಯಿಯ ಮಳೆಗಾಲ ಇವಕ್ಕೆ ಮೃತ್ಯುವೇ ಸರಿ. ಕಾದಷ್ಟೂ ಬೆಲೆ ಏರುವುದೆಂದು ನಂಬಿದವರು ಈ ಕಾರನ್ನೊಮ್ಮೆ ನೋಡಬೇಕು.

ನಾವು ಹೀಗೆ ಮಾತನಾಡುತ್ತಿರುವಲ್ಲಿ ಗಿರಗಾಂವದ ಕಡೆಯ ವೃದ್ಧರೊಬ್ಬರು ಬಿಸ್ಕತ್ತಿನ ತಗಡಿನ ಡಬ್ಬಿಯನ್ನು ಎದೆಗವಚಿಕೊಂಡು ಬಂದರು. ಅವರ ಹಳೆಯ ಚಾಳನ್ನು ಕೆಡವಿ ಹೊಸದಾಗಿ ಕಟ್ಟುವರಂತೆ. ಅಲ್ಲಿಯವರೆಗೆ ಮಗಳ ಚಿಕ್ಕ ಮನೆಯಲ್ಲಿರಬೇಕು, ಸಾಮಾನು ಕಡಮೆಮಾಡಬೇಕು. ಡಬ್ಬಿಯಲ್ಲಿ ಐದು ಕಾರುಗಳಿದ್ದವು. ನಾಲ್ಕು ಸಾಧಾರಣ. ಐದನೆಯದು ಕೆಂಪು ಇ-ಟೈಪ್, ಪೆಟ್ಟಿಗೆಯ ಸಮೇತ. ಪೆಟ್ಟಿಗೆಯ ಮೇಲೆ 'ನಿಕಿ' ಎಂದಿತ್ತು. ರೈಲ್ವೆಯಲ್ಲಿದ್ದ ಅಣ್ಣ ಕಲ್ಕತ್ತೆಯಿಂದ ತಂದುದಂತೆ. ಚಾಚಾ ಕ್ಷಣಹೊತ್ತು ನೋಡಿ, "ಎಲ್ಲಕ್ಕೂ ಸೇರಿ ಐನೂರು" ಎಂದರು. ವೃದ್ಧರು ತಲೆದೂಗಿದರು.

ಒಬ್ಬರ ಅಂಗಡಿಯಲ್ಲಿ ನಡೆವ ವ್ಯವಹಾರದ ನಡುವೆ ಮತ್ತೊಬ್ಬರು ಬಾಯಿ ಹಾಕಬಾರದೆಂಬುದು ಈ ಬೀದಿಯ ಕಟ್ಟಳೆ. ಸುಮ್ಮನಿದ್ದು, ಮರುವಾರ ಬಂದು ಚಾಚಾರಿಂದಲೇ ಕೊಳ್ಳುವುದೂ ಮಿತ್ರರಿಗೆ ಸಾಧ್ಯವಿತ್ತು. ಅವರು ಸ್ವಲ್ಪ ಹೊತ್ತು ನೆಲ ನೋಡಿದರು. ಬಳಿಕ ಮರಾಠಿಯಲ್ಲಿ, "ಕಾಕಾ, ನಾಲ್ಕನ್ನು ಕೊಡಿ. ಪೆಟ್ಟಿಗೆಯದನ್ನು ಮನೆಗೆ ಒಯ್ಯಿರಿ. ಅದೊಂದಕ್ಕೇ ಈ ಹಣದ ಹಲವು ಪಟ್ಟು ಬೆಲೆಯಿದೆ. ಇನ್ನಿಬ್ಬರಿಗೆ ತೋರಿಸಿ ವಿಚಾರಿಸಿ, ಆಮೇಲೂ ಮಾರುವ ಮನಸ್ಸಿದ್ದರೆ ನನ್ನನ್ನೂ ಕೇಳಿ" ಎಂದು ತಮ್ಮ ವಿಳಾಸ ಬರೆದುಕೊಟ್ಟರು. ವೃದ್ಧರು ನಾಲ್ಕು ಕಾರುಗಳಿಗೆ ಮುನ್ನೂರು ರೂಪಾಯಿ ಎಣಿಸಿಕೊಂಡು, ಐದನೆಯದನ್ನು ಡಬ್ಬಿಯಲ್ಲಿಟ್ಟು, ಮುಚ್ಚಳವನ್ನು ಎರಡು ಸಲ ಒತ್ತಿ ನೋಡಿ ಹೊರಟುಹೋದರು.

ಚಾಚಾರ ಮುಖ ಬಿಗಿಯಿತು. ಅವರ ಸಿಟ್ಟು ಅನ್ಯಾಯವೆಂದು ನಾವು ಹೇಳಲಾರೆವು. ಬಾಡಿಗೆ ಕೊಟ್ಟು, ಧೂಳು ಕುಡಿದು, ವರ್ಷವೆಲ್ಲ ಕಾದು ಕುಳಿತವರು ಅವರು. ಕಾಯುವುದು ಕೊಳ್ಳುವವನೊಬ್ಬನ ಪಾಲಿನದಷ್ಟೇ ಅಲ್ಲವಷ್ಟೆ. ಬಹಳ ಹೊತ್ತು ಯಾರೂ ಮಾತನಾಡಲಿಲ್ಲ. ಆಮೇಲೆ ಚಾಚಾ ಎದುರಿನ ಹೋಟೆಲಿನ ಹುಡುಗನನ್ನು ಕೂಗಿ ಮೂರು ಚಹಾ ಹೇಳಿದರು.

"ಮುಂದಿನ ಸಲ ಬರುವಾಗ ಹಣ ತನ್ನಿ, ನಾಲಿಗೆಯನ್ನು ಮನೆಯಲ್ಲಿಟ್ಟು ಬನ್ನಿ" ಎಂದರು.

ಮಿತ್ರರು ನಕ್ಕು, ಮಾಡೇನಾದರೂ ಬಂದಿದೆಯೇ ಎಂದು ಕೇಳಿದರು. ಬಂದಿರಲಿಲ್ಲ.